ಬೌಹೌಸ್‌ನಲ್ಲಿ ಮಗ್ಗ ಕಲಿಸಿದ ಗುಂಟಾ ಶ್ಟೋಲ್ಟ್ಸಲ್: ಪದೇ ಪದೇ ಕೇಳುವ ಪ್ರಶ್ನೆಗಳು

1919ರಲ್ಲಿ ಜರ್ಮನಿಯಲ್ಲಿ ಶುರುವಾದ ಕಲೆ ಮತ್ತು ವಿನ್ಯಾಸದ ಶಾಲೆ ಬೌಹೌಸ್ ಎಂದರೆ ಹೆಚ್ಚಿನವರಿಗೆ ಉಕ್ಕಿನ ಕೊಳವೆಯ ಕುರ್ಚಿ, ಗಾಜಿನ ಗೋಡೆಯ ಕಟ್ಟಡ, ಕ್ಲೇ ಮತ್ತು ಕಾಂಡಿನ್ಸ್ಕಿಯ ಚಿತ್ರಗಳು ಕಣ್ಮುಂದೆ ಬರುತ್ತವೆ. ಅದೇ ಶಾಲೆಯಲ್ಲಿ ಒಂದು ಮಗ್ಗದ ಮನೆಯೂ ಇತ್ತು, ಅದನ್ನು ಕಟ್ಟಿ ನಿಲ್ಲಿಸಿದವರು ಒಬ್ಬ ಹೆಣ್ಣುಮಗಳು ಎಂಬುದು ಅಷ್ಟು ಬೇಗ ನೆನಪಾಗುವುದಿಲ್ಲ. ಜವಳಿ ವಿನ್ಯಾಸ ಓದುವವರು, ಕೈಮಗ್ಗದಲ್ಲಿ ಆಸಕ್ತಿ ಇರುವವರು ಅವರ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಗುಂಟಾ ಶ್ಟೋಲ್ಟ್ಸಲ್ ಯಾರು?

ಜರ್ಮನಿಯ ನೇಯ್ಗೆಗಾರ್ತಿ, ಜವಳಿ ವಿನ್ಯಾಸಕಿ, ಅದಕ್ಕಿಂತ ಮಿಗಿಲಾಗಿ ಶಿಕ್ಷಕಿ. 1897ರ ಮಾರ್ಚ್ 5ರಂದು ಮ್ಯೂನಿಕ್‌ನಲ್ಲಿ ಹುಟ್ಟಿದರು, 1983ರ ಏಪ್ರಿಲ್ 22ರಂದು ಸ್ವಿಟ್ಜರ್ಲೆಂಡ್‌ನಲ್ಲಿ ತೀರಿಕೊಂಡರು. 1927ರಿಂದ 1931ರವರೆಗೆ ಡೆಸ್ಸಾವ್ ನಗರದ ಬೌಹೌಸ್ ಶಾಲೆಯಲ್ಲಿ ನೇಯ್ಗೆ ವಿಭಾಗದ ಮುಖ್ಯಸ್ಥೆಯಾಗಿದ್ದರು. ಆ ಶಾಲೆಯಲ್ಲಿ ಮಾಸ್ಟರ್ (ಅಲ್ಲಿನ ಹಿರಿಯ ಶಿಕ್ಷಕರನ್ನು ಕರೆಯುತ್ತಿದ್ದ ಹೆಸರು) ಪದವಿಗೇರಿದ ಮೊದಲ ಮಹಿಳೆ ಇವರೇ.

ಬೌಹೌಸ್‌ಗೆ ಬರುವ ಮೊದಲು ಏನು ಮಾಡುತ್ತಿದ್ದರು?

ಮ್ಯೂನಿಕ್‌ನ ಅನ್ವಯಿಕ ಕಲೆಗಳ ಶಾಲೆಯಲ್ಲಿ ಗಾಜಿನ ಮೇಲಿನ ಚಿತ್ರ, ಅಲಂಕಾರ ಕಲೆ, ಕುಂಬಾರಿಕೆ ಕಲಿತರು. ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ರೆಡ್‌ಕ್ರಾಸ್ ದಾದಿಯಾಗಿ ಯುದ್ಧರಂಗದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದರು. ಯುದ್ಧ ಮುಗಿದು ಶಾಲೆಗೆ ಮರಳಿದಾಗ ಬೌಹೌಸ್ ಸ್ಥಾಪಕ ವಾಲ್ಟರ್ ಗ್ರೋಪಿಯಸ್ 1919ರ ಏಪ್ರಿಲ್‌ನಲ್ಲಿ ಹೊರಡಿಸಿದ ಬೌಹೌಸ್ ಪ್ರಣಾಳಿಕೆ ಕೈಗೆ ಸಿಕ್ಕಿತು. ಕಲೆಗಾರನಿಗೂ ಕುಶಲಕರ್ಮಿಗೂ ನಡುವಿನ ಗೋಡೆ ಬೀಳಬೇಕು ಎಂದು ಅದು ಸಾರಿತ್ತು. 22 ವರ್ಷದ ಗುಂಟಾ, ಶಾಲೆ ಆಗ ಇದ್ದ ವೈಮಾರ್ ನಗರಕ್ಕೆ ಹೊರಟುಬಿಟ್ಟರು. ಆ ಬೇಸಿಗೆ ಗಾಜಿನ ಕಾರ್ಯಾಗಾರದಲ್ಲೂ ಗೋಡೆಚಿತ್ರದ ತರಗತಿಯಲ್ಲೂ ದುಡಿದು, ಯೋಹಾನೆಸ್ ಇಟ್ಟೆನ್ ನಡೆಸುತ್ತಿದ್ದ ಪ್ರಾಥಮಿಕ ಕೋರ್ಸಿಗೆ ಪ್ರವೇಶ ಪಡೆದರು.

ನೇಯ್ಗೆಯನ್ನು ಅವರೇ ಆರಿಸಿಕೊಂಡರೋ, ಹೆಂಗಸು ಅಂತ ಅಲ್ಲಿಗೆ ತಳ್ಳಿದರೋ?

ಎರಡೂ ಹೌದು. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಅರ್ಧ ಸತ್ಯವಾಗುತ್ತದೆ.

1919ರಲ್ಲಿ ಬಂದ ಜರ್ಮನಿಯ ಹೊಸ ವೈಮಾರ್ ಸಂವಿಧಾನ ಹೆಣ್ಣು ಗಂಡಿಗೆ ಓದಿನಲ್ಲಿ ಸಮಾನ ಹಕ್ಕು ಕೊಟ್ಟಿತ್ತು. ಬೌಹೌಸ್ ಕೂಡ ಭೇದ ಮಾಡುವುದಿಲ್ಲ ಎಂದು ಘೋಷಿಸಿತು. ಅದನ್ನು ನಂಬಿ ಬಂದ ಹೆಣ್ಣುಮಕ್ಕಳ ಸಂಖ್ಯೆ ನೋಡಿ ಆಡಳಿತವೇ ಗಾಬರಿಯಾಯಿತು. ಇಷ್ಟೊಂದು ಹುಡುಗಿಯರಿದ್ದರೆ ಶಾಲೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎಂಬ ಅಂಜಿಕೆ ಅವರದು. ವರ್ಷ ಕಳೆಯುವಷ್ಟರಲ್ಲಿ ಪ್ರವೇಶ ಬಿಗಿಯಾಯಿತು. ಒಳಗೆ ಬಂದವರನ್ನು ನೇಯ್ಗೆ, ಕುಂಬಾರಿಕೆ, ಪುಸ್ತಕದ ರಟ್ಟು ಕಟ್ಟುವುದು, ಇಷ್ಟಕ್ಕೇ ಕಳಿಸುವ ರೂಢಿ ಬಿತ್ತು. ಕೊನೆಗೆ ಉಳಿದದ್ದು ಬಹುಪಾಲು ನೇಯ್ಗೆಯೇ. ವಾಸ್ತುಶಿಲ್ಪ, ಮರಗೆಲಸ, ಲೋಹದ ಕೆಲಸ ಬೇಕೆಂದ ಹೆಣ್ಣುಮಕ್ಕಳಿಗೆ ಬಾಗಿಲು ಸುಲಭಕ್ಕೆ ತೆರೆಯಲಿಲ್ಲ. ಇದು ಅನ್ಯಾಯವೇ, ಬೇರೆ ಹೆಸರು ಇಡಬೇಕಾಗಿಲ್ಲ.

ಆದರೆ ಗುಂಟಾ ಅಲ್ಲಿಗೆ ಒಲ್ಲದ ಮನಸ್ಸಿನಿಂದ ಹೋದವರಲ್ಲ. ಹೆಣ್ಣುಮಕ್ಕಳಿಗಾಗಿಯೇ ಒಂದು ತರಗತಿ ಬೇಕೆಂದು 1920ರಲ್ಲಿ ಮುಂದೆ ಬಂದವರಲ್ಲಿ ಅವರೂ ಒಬ್ಬರು. ಅದು ಬೇಗನೆ ನೇಯ್ಗೆ ವಿಭಾಗದೊಳಗೆ ಸೇರಿಹೋಯಿತು. ತಮಗೆ ಬಿಟ್ಟುಕೊಟ್ಟ ಒಂದು ಮೂಲೆಯನ್ನು ಶಾಲೆಯ ಅತ್ಯಂತ ಉಪಯುಕ್ತ ವಿಭಾಗಗಳಲ್ಲಿ ಒಂದಾಗಿ ಬೆಳೆಸಿದ್ದೇ ಅವರ ಮುಂದಿನ ಹತ್ತು ವರ್ಷಗಳ ಕೆಲಸ.

ಅವರಿಗೆ ನೇಯ್ಗೆ ಹೇಳಿಕೊಟ್ಟವರು ಯಾರು?

ನೇರವಾಗಿ ಹೇಳುವುದಾದರೆ, ಬಹುಪಾಲು ತಾವೇ ಕಲಿತರು. ವೈಮಾರ್‌ನ ಮಗ್ಗಗಳು ಹೆಲೆನೆ ಬೋರ್ನರ್ ಎಂಬ ಹಿರಿಯ ಶಿಕ್ಷಕಿಯ ಸ್ವಂತ ಸೊತ್ತು. ಕಸೂತಿ, ಹೆಣಿಗೆಯಂಥ ಕೈಕೆಲಸದ ಅನುಭವ ಅವರಿಗೆ ಚೆನ್ನಾಗಿಯೇ ಇತ್ತು. ಆದರೆ ವಿದ್ಯಾರ್ಥಿನಿಯರು ಕೇಳುತ್ತಿದ್ದ ತಾಂತ್ರಿಕ ಪ್ರಶ್ನೆಗಳಿಗೆ ಅಷ್ಟು ಸಾಲಲಿಲ್ಲ. ಕಲಾ ಪಾಠದ ಜವಾಬ್ದಾರಿ ಹೊತ್ತ ಗಿಯೋರ್ಗ್ ಮೂಖೆ ಚಿತ್ರಕಾರರು, ಮಗ್ಗದ ಮೇಲೆ ಅವರಿಗೆ ಒಲವಿರಲಿಲ್ಲ. ಹುಡುಗಿಯರು ಹಾಸು (ಮಗ್ಗದ ಉದ್ದದ ಎಳೆಗಳು) ಹೂಡಿ, ನೂಲು ಕಡಿದುಕೊಂಡು, ಬಿಚ್ಚಿ, ಮತ್ತೆ ಹೂಡಿ ಕಲಿತರು.

ಬಣ್ಣ ಹಾಕುವ ವ್ಯವಸ್ಥೆ ಪಾಳುಬಿದ್ದಿತ್ತು. ಅದನ್ನು ಮತ್ತೆ ನಡೆಸುವ ಹೊಣೆಯನ್ನು ಗುಂಟಾ ಹೊತ್ತರು. 1922ರಲ್ಲಿ ಗೆಳತಿ ಬೆನಿಟಾ ಓಟ್ಟೆ ಜೊತೆ ರೇಷ್ಮೆ ನೇಯ್ಗೆಗೆ ಹೆಸರಾದ ಕ್ರೆಫೆಲ್ಡ್ ಊರಿಗೆ ಹೋಗಿ ಬಣ್ಣಗಾರಿಕೆ ಕಲಿತು ಬಂದರು. 1924ರಲ್ಲಿ ಅದೇ ಊರಿನಲ್ಲಿ ಬಟ್ಟೆ ತಯಾರಿಕೆಯ ಕೋರ್ಸನ್ನೂ ಮುಗಿಸಿದರು. ಹೊರಗೆ ಹೋಗಿ ಕಲಿತದ್ದನ್ನೆಲ್ಲ ತಂದು ಸಹಪಾಠಿಗಳಿಗೆ ಹೇಳಿಕೊಟ್ಟರು. ಅವರ ಮೇಷ್ಟರಿಕೆ ಶುರುವಾದದ್ದು ಹಾಗೆ, ಯಾವ ನೇಮಕಾತಿ ಪತ್ರವೂ ಇಲ್ಲದೆ. 1924ರಲ್ಲೇ, ಬೌಹೌಸ್ ಬಿಟ್ಟಿದ್ದ ಇಟ್ಟೆನ್ ಅವರಿಗೆ ಜ್ಯೂರಿಕ್ ಬಳಿಯ ಹೆರ್ಲಿಬರ್ಗ್‌ನಲ್ಲಿ ನೇಯ್ಗೆ ಕಾರ್ಯಾಗಾರ ಹೂಡಲು ನೆರವಾದರು.

ಮಾರ್ಸೆಲ್ ಬ್ರಾಯರ್ ಜೊತೆ ಮಾಡಿದ ಕುರ್ಚಿಯ ಕಥೆ ಏನು?

1921ರದ್ದು. ಮುಂದೆ ಉಕ್ಕಿನ ಕೊಳವೆಯ ಕುರ್ಚಿಗಳಿಂದ ಲೋಕಪ್ರಸಿದ್ಧರಾದ ಬ್ರಾಯರ್ ಆಗಿನ್ನೂ ವಿದ್ಯಾರ್ಥಿ. ಮರದ ಚೌಕಟ್ಟು ಅವರದು, ನೇಯ್ಗೆ ಗುಂಟಾ ಅವರದು. ಬಣ್ಣ ಬಳಿದ ಮರ, ಐದು ಕಾಲು, ಎತ್ತರದ ಬೆನ್ನು. ನೋಡಲು ಸಿಂಹಾಸನದಂತಿದೆ. ‘ಆಫ್ರಿಕನ್ ಕುರ್ಚಿ’ ಎಂದು ಅದನ್ನು ಕರೆಯುತ್ತಾರೆ.

ಬೆನ್ನಿನ ಬಟ್ಟೆಯನ್ನು ಹತ್ತಿರದಿಂದ ನೋಡಬೇಕು. ಬೇರೆ ಕಡೆ ನೇಯ್ದು ತಂದು ಮೊಳೆ ಹೊಡೆದದ್ದಲ್ಲ ಅದು. ಚೌಕಟ್ಟಿನ ಮರದಲ್ಲೇ ತೂತು ಕೊರೆದು, ಹಾಸಿನ ಎಳೆಗಳನ್ನು ಅದರೊಳಗಿಂದ ಬಿಗಿದು, ಕುರ್ಚಿಯನ್ನೇ ಮಗ್ಗ ಮಾಡಿಕೊಂಡು ಅದರ ಮೇಲೇ ನೇಯ್ದಿದ್ದಾರೆ. ಬಟ್ಟೆಯನ್ನು ಬಿಡಿಸಿದರೆ ಕುರ್ಚಿ ಅಪೂರ್ಣ, ಕುರ್ಚಿಯಿಲ್ಲದೆ ಆ ಬಟ್ಟೆ ಹುಟ್ಟುವಂತೆಯೇ ಇರಲಿಲ್ಲ. ದಶಕಗಳ ಕಾಲ ಇದು ಕಪ್ಪು ಬಿಳುಪು ಫೋಟೋದಲ್ಲಿ ಮಾತ್ರ ಉಳಿದಿತ್ತು. 2004ರಲ್ಲಿ ಮೂಲ ಕುರ್ಚಿಯೇ ಬೆಳಕಿಗೆ ಬಂದು ಬರ್ಲಿನ್‌ನ ಬೌಹೌಸ್ ಆರ್ಕೈವ್ ಸೇರಿತು. ಎಂಬತ್ತು ವರ್ಷ ದಾಟಿದ ಮೇಲೂ ಆ ಬಣ್ಣಗಳು ಎಷ್ಟು ಗಾಢವಾಗಿ ಉಳಿದಿವೆ ಎಂದು ನೋಡಿದರೆ ಕ್ರೆಫೆಲ್ಡ್‌ಗೆ ಹೋಗುವ ಮೊದಲೇ ಅವರಿಗಿದ್ದ ಬಣ್ಣದ ಕಣ್ಣು ಎಂಥದ್ದೆಂದು ತಿಳಿಯುತ್ತದೆ.

ಮುಖ್ಯಸ್ಥೆ ಸ್ಥಾನ ಸುಲಭವಾಗಿ ಸಿಕ್ಕಿತೇ?

ಇಲ್ಲ. 1925ರಲ್ಲಿ ಬೌಹೌಸ್ ವೈಮಾರ್ ಬಿಟ್ಟು ಡೆಸ್ಸಾವ್‌ಗೆ ಬಂದಾಗ ಗುಂಟಾ ಅವರನ್ನು ತಾಂತ್ರಿಕ ಉಸ್ತುವಾರಿಗೆ ನೇಮಿಸಿದರು. ಮಗ್ಗ ತರಿಸುವುದು, ಜೋಡಿಸುವುದು, ಬಣ್ಣದ ಕೋಣೆ ಹೂಡುವುದು, ಪಾಠ ಮಾಡುವುದು, ಎಲ್ಲ ಇವರ ಹೆಗಲ ಮೇಲೆ. ಹೆಸರಿಗೆ ಮುಖ್ಯಸ್ಥರು ಮಾತ್ರ ಮೂಖೆಯೇ. ವಿದ್ಯಾರ್ಥಿನಿಯರು ಇದನ್ನು ಒಪ್ಪಲಿಲ್ಲ, ಜಗಳ ಬೆಳೆಯಿತು, 1927ರಲ್ಲಿ ಮೂಖೆ ಶಾಲೆ ಬಿಟ್ಟರು. ಆಮೇಲೆ ಗುಂಟಾ ಪೂರ್ಣ ಹೊಣೆ ಪಡೆದರು. ಆದರೂ ಅವರ ಸಂಬಳ, ಸ್ಥಾನಮಾನ ಗಂಡು ಮಾಸ್ಟರ್‌ಗಳಿಗೆ ಸಮನಾಗಿರಲಿಲ್ಲ. ಕೆಲಸವನ್ನು ಮೊದಲಿನಿಂದಲೂ ಮಾಡುತ್ತಿದ್ದವರಿಗೆ ಹುದ್ದೆ ಕೊಡಲು ಎರಡು ವರ್ಷ ಮತ್ತು ಒಂದು ಬಂಡಾಯ ಬೇಕಾಯಿತು.

ಅವರ ಪಾಠದಲ್ಲಿ ಹೊಸತೇನಿತ್ತು?

ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ಗೋಡೆಗೆ ನೇತುಹಾಕುವ ನೇಯ್ಗೆಗಳಿಗಿಂತ ಅವರ ಪಠ್ಯಕ್ರಮವೇ ದೊಡ್ಡ ಕೃತಿ ಎಂದು ನನಗೆ ಅನಿಸುತ್ತದೆ.

ವೈಮಾರ್ ದಿನಗಳಲ್ಲಿ ಮಗ್ಗದ ಮೇಲೆ ನಡೆಯುತ್ತಿದ್ದದ್ದು ಹೆಚ್ಚಾಗಿ ಚಿತ್ರ ಬರೆಯುವ ಕೆಲಸ. ಕ್ಲೇ, ಇಟ್ಟೆನ್ ಹೇಳಿಕೊಟ್ಟ ಚೌಕ, ತ್ರಿಕೋನ, ಬಣ್ಣದ ಸಂಬಂಧಗಳನ್ನು ಉಣ್ಣೆಯಲ್ಲಿ ಇಳಿಸುತ್ತಿದ್ದರು. ಸುಂದರವಾಗಿದ್ದವು, ಆದರೆ ಒಂದೊಂದೇ. ಡೆಸ್ಸಾವ್‌ನಲ್ಲಿ ಗುಂಟಾ ಪ್ರಶ್ನೆಯನ್ನೇ ಬದಲಿಸಿದರು. ಈ ಬಟ್ಟೆ ಎಲ್ಲಿಗೆ? ಕಿಟಕಿಗಾದರೆ ಎಷ್ಟು ಬೆಳಕು ಬಿಡಬೇಕು? ಕುರ್ಚಿಗಾದರೆ ಎಷ್ಟು ಎಳೆತ ತಡೆಯಬೇಕು? ಒಗೆದರೆ ಏನಾಗುತ್ತದೆ? ಗಜಕ್ಕೆ ಎಷ್ಟು ಬೀಳುತ್ತದೆ? ಉತ್ತರ ಮಗ್ಗದ ಮೇಲೆ ಸಿಗಬೇಕು, ಕಾಗದದ ಮೇಲಲ್ಲ.

ಹಾಗಾಗಿ ವಿದ್ಯಾರ್ಥಿ ನೂಲಿನಿಂದಲೇ ಶುರು ಮಾಡಬೇಕಿತ್ತು. ಹತ್ತಿ, ಉಣ್ಣೆ, ರೇಷ್ಮೆ, ನಾರುಬಟ್ಟೆಯ ನೂಲು, ಆಗ ಹೊಸದಾಗಿದ್ದ ಕೃತಕ ರೇಷ್ಮೆ, ಹೊಳೆಯುವ ಪಾರದರ್ಶಕ ಸೆಲ್ಲೋಫೇನ್, ಒಂದೊಂದರ ಹುರಿ, ಹೊಳಪು, ಒರಟುತನ ಬೆರಳಿಗೆ ತಿಳಿಯಬೇಕು. ಆಮೇಲೆ ನೇಯ್ಗೆಯ ಬಗೆಗಳು. ಸಿದ್ಧ ಬಟ್ಟೆಯ ತುಂಡನ್ನು ಎಳೆ ಎಳೆಯಾಗಿ ಬಿಚ್ಚಿ ಅದರ ಹಾಸು ಮತ್ತು ಹೊಕ್ಕು (ಅಡ್ಡ ಎಳೆ) ಹೇಗೆ ಹೆಣೆದಿದೆ ಎಂದು ಚೌಕುಳಿ ಹಾಳೆಯ ಮೇಲೆ ಗುರುತು ಹಾಕುವುದು. ವೆಚ್ಚದ ಲೆಕ್ಕ. ಬಣ್ಣಗಾರಿಕೆ. ಸರಳ ಮಗ್ಗದಿಂದ ಜಕಾರ್ಡ್‌ವರೆಗೆ ಎಲ್ಲ ಮಗ್ಗಗಳ ಮೇಲೂ ಕೂರುವುದು. ಇವುಗಳ ಜೊತೆಗೆ ನೇಯ್ಗೆ ವಿಭಾಗದವರಿಗೆ ಪೌಲ್ ಕ್ಲೇ ಸ್ವತಃ ರೂಪ ಮತ್ತು ಬಣ್ಣದ ಪಾಠ ಮಾಡುತ್ತಿದ್ದರು. ಲೆಕ್ಕ ಮತ್ತು ಕಲ್ಪನೆ ಎರಡೂ ಒಂದೇ ದಿನಚರಿಯೊಳಗೆ ಕೂತದ್ದು ಹೀಗೆ.

ಫಲ ಹೇಗಿತ್ತು ನೋಡಿ. ವಾಸ್ತುಶಿಲ್ಪಿ ಹಾನ್ನೆಸ್ ಮೇಯರ್ ಜರ್ಮನಿಯ ಬೆರ್ನಾವ್‌ನಲ್ಲಿ ಕಟ್ಟಿದ ಕಾರ್ಮಿಕ ಸಂಘಗಳ ಶಾಲೆಯ ಸಭಾಂಗಣದಲ್ಲಿ ಪ್ರತಿಧ್ವನಿಯ ತೊಂದರೆ ಇತ್ತು. ಅದಕ್ಕೆ ವಿಭಾಗದ ವಿದ್ಯಾರ್ಥಿನಿ ಆನಿ ಆಲ್ಬರ್ಸ್ ಒಂದು ಗೋಡೆಬಟ್ಟೆ ನೇಯ್ದರು. ಹಿಂಬದಿಯ ಮೆತ್ತನೆಯ ನೂಲು ಸದ್ದನ್ನು ಹೀರುತ್ತದೆ, ಮುಂಬದಿಯ ಸೆಲ್ಲೋಫೇನ್ ಬೆಳಕನ್ನು ಹಿಂದಿರುಗಿಸುತ್ತದೆ. ಎರಡು ಕೆಲಸಕ್ಕೆ ಎರಡು ಮುಖ, ಬಟ್ಟೆ ಒಂದೇ. ಅದರ ಬೆಳಕಿನ ಗುಣವನ್ನು ಝೈಸ್ ಇಕಾನ್ ಕಂಪನಿ ಪರೀಕ್ಷಿಸಿತು. 1930ರಲ್ಲಿ ಆನಿಗೆ ಡಿಪ್ಲೊಮಾ ಸಿಕ್ಕಿದ್ದು ಇದರ ಮೇಲೆ. ಇದು ಆನಿಯ ಪ್ರತಿಭೆ, ಸಂಶಯವಿಲ್ಲ. ಅಂಥ ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸ ಬೆಳೆದದ್ದು ಮಾತ್ರ ಗುಂಟಾ ಕಟ್ಟಿದ ಕಾರ್ಯಾಗಾರದಲ್ಲಿ.

ಬ್ರಾಯರ್ ಕುರ್ಚಿಗಳ ಬಿಗಿಯಾದ ಆಸನದ ಬಟ್ಟೆಯೂ ಇದೇ ಮಗ್ಗದ ಮನೆಯದು. ಗಂಜಿ ಮತ್ತು ಮೇಣ ಹಾಕಿ ಉಜ್ಜಿದ ಹತ್ತಿ ನೂಲು ಅದು. ‘ಕಬ್ಬಿಣದ ನೂಲು’ ಎಂದು ಕರೆಯುತ್ತಿದ್ದರೂ ಅದರಲ್ಲಿ ಕಬ್ಬಿಣ ಇಲ್ಲ, ಗಟ್ಟಿತನಕ್ಕೆ ಬಂದ ಹೆಸರು. ಉಕ್ಕಿನ ಕೊಳವೆಯನ್ನು ಹೊಗಳುವವರು ಅದರ ನಡುವೆ ನಮ್ಮ ಭಾರ ಹೊರುವ ಬಟ್ಟೆಯನ್ನೂ ಒಮ್ಮೆ ಮುಟ್ಟಿ ನೋಡಬೇಕು.

ಕಾರ್ಖಾನೆಗೆ ಬಟ್ಟೆ ಮಾಡುವುದಾದರೆ ಕೈಮಗ್ಗ ಯಾಕೆ ಬೇಕಿತ್ತು?

ಕೈಮಗ್ಗದಲ್ಲಿ ಮನಸ್ಸು ಬದಲಿಸಬಹುದು. ನಾಲ್ಕು ಬೆರಳಷ್ಟು ನೇಯ್ದು, ಹೊಕ್ಕಿನ ನೂಲು ಬದಲಿಸಿ, ಮತ್ತೆ ನಾಲ್ಕು ಬೆರಳು ನೇಯ್ದು ಎರಡನ್ನೂ ಪಕ್ಕಪಕ್ಕ ನೋಡಬಹುದು. ಯಂತ್ರದ ಮಗ್ಗ ಅಷ್ಟು ತಾಳ್ಮೆ ತೋರುವುದಿಲ್ಲ, ಒಮ್ಮೆ ಹೂಡಿದರೆ ನೂರಾರು ಗಜ ಹೊರಬರಲೇಬೇಕು. ಹಾಗಾಗಿ ಗುಂಟಾ ಕೈಮಗ್ಗವನ್ನು ಪ್ರಯೋಗಶಾಲೆಯಾಗಿ ಇಟ್ಟುಕೊಂಡರು. ಅಲ್ಲಿ ಗೆದ್ದ ಮಾದರಿ ಕಾರ್ಖಾನೆಗೆ ಹೋಗಬೇಕು. 1930ರಲ್ಲಿ ಬರ್ಲಿನ್‌ನ ಪಾಲಿಟೆಕ್ಸ್ ಕಂಪನಿಯೊಂದಿಗೆ ಒಪ್ಪಂದವಾಗಿ ಬೌಹೌಸ್ ಬಟ್ಟೆಗಳು ಗಜದ ಲೆಕ್ಕದಲ್ಲಿ ಮಾರುಕಟ್ಟೆಗೆ ಬಂದವು. ಹಣ ತರುವ ವಿಭಾಗಗಳ ಪೈಕಿ ನೇಯ್ಗೆಯೂ ಒಂದಾಯಿತು.

ಅವರ ಒಂದೇ ಒಂದು ಕೃತಿ ನೋಡುವುದಾದರೆ ಯಾವುದು?

‘ಐದು ಮೇಳಗಳು’, 1928ರ ಜಕಾರ್ಡ್ ಗೋಡೆನೇಯ್ಗೆ. ಎರಡು ಮೀಟರ್‌ಗಿಂತ ಎತ್ತರ, ಸುಮಾರು ಒಂದೂವರೆ ಮೀಟರ್ ಅಗಲ. ಹತ್ತಿ, ಉಣ್ಣೆ, ರೇಷ್ಮೆ, ಕೃತಕ ರೇಷ್ಮೆ ನಾಲ್ಕೂ ಸೇರಿವೆ. ಜಕಾರ್ಡ್ ಎಂದರೆ ಒಂದೇ ವಿನ್ಯಾಸ ಮರುಕಳಿಸಲು ಇರುವ ವ್ಯವಸ್ಥೆ, ತೂತು ಹೊಡೆದ ರಟ್ಟಿನ ಕಾರ್ಡುಗಳು ಯಾವ ಎಳೆ ಏಳಬೇಕೆಂದು ತೀರ್ಮಾನಿಸುತ್ತವೆ. ಅಂಥ ಮಗ್ಗದಿಂದ ಗುಂಟಾ ಎಡಬಲ ಕನ್ನಡಿ ಹಿಡಿದಂತೆ ಕೂಡುವ, ಆದರೂ ಮೇಲಿನಿಂದ ಕೆಳಗೆ ಬಣ್ಣ ಬದಲಿಸುತ್ತಲೇ ಹೋಗುವ ಕೃತಿ ತೆಗೆದರು. ಆಕಾರ ಮತ್ತೆ ಬಂತು ಎಂದುಕೊಳ್ಳುವಷ್ಟರಲ್ಲಿ ಅದರ ಬಣ್ಣ ಬೇರೆಯಾಗಿರುತ್ತದೆ. ಮಗ್ಗ ಗೊತ್ತಿದ್ದವರಿಗೆ ಇದು ಎಷ್ಟು ಲೆಕ್ಕಾಚಾರದ ಕೆಲಸ ಎಂದು ಹೇಳಬೇಕಾಗಿಲ್ಲ.

1927-28ರ ಕೆಂಪು-ಹಸಿರು ನೇಯ್ಗೆ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಬಣ್ಣ ಬದಲಾಗುವ ಕಡೆ ಹೊಕ್ಕಿನ ನೂಲನ್ನು ಹಿಂದಕ್ಕೆ ತಿರುಗಿಸಿ ಸಣ್ಣ ಸೀಳು ಬಿಟ್ಟಿದ್ದಾರೆ. ಅಲೆ, ಪಟ್ಟಿ, ಚೌಕುಳಿ ಒಂದರ ಪಕ್ಕ ಒಂದು ನುಗ್ಗುತ್ತವೆ. ಬೆರಳುಗಳು ಹೇಳಿದಂತೆ ಮಗ್ಗ ಕೇಳಿದೆ. ಒಂದೇ ಅವಧಿಯಲ್ಲಿ ಒಬ್ಬರೇ ಈ ಎರಡನ್ನೂ ಮಾಡಿದ್ದಾರೆ.

ಆನಿ ಆಲ್ಬರ್ಸ್ ಇವರಿಗಿಂತ ಹೆಚ್ಚು ಪ್ರಸಿದ್ಧರಲ್ಲವೇ?

ಹೌದು. ಆನಿ 1922ರಲ್ಲಿ ಬೌಹೌಸ್ ಸೇರಿ ಅಲ್ಲಿಯೇ ಮಗ್ಗ ಕಲಿತವರು. 1933ರಲ್ಲಿ ಪತಿ ಯೋಸೆಫ್ ಜೊತೆ ಅಮೆರಿಕಕ್ಕೆ ಹೋಗಿ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ 1949ರವರೆಗೆ ಕಲಿಸಿದರು, ನೇಯ್ಗೆಯ ಬಗ್ಗೆ ಆಳವಾಗಿ ಬರೆದರು. 1949ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲೆಯ ಮ್ಯೂಸಿಯಂ ಮೋಮಾ ಅವರ ಏಕವ್ಯಕ್ತಿ ಪ್ರದರ್ಶನ ನಡೆಸಿತು, ಅಲ್ಲಿ ಜವಳಿ ಕಲಾವಿದರೊಬ್ಬರಿಗೆ ಅಂಥ ಗೌರವ ಸಿಕ್ಕಿದ್ದು ಅದೇ ಮೊದಲು. ಗುಂಟಾಗೆ ಅಂಥ ವೇದಿಕೆ ಸಿಗಲಿಲ್ಲ. ಇಬ್ಬರನ್ನೂ ತಕ್ಕಡಿಯಲ್ಲಿ ಇಡುವುದರಲ್ಲಿ ಅರ್ಥವಿಲ್ಲ, ಆದರೆ ಆನಿಯನ್ನು ಓದುವವರು ಗುಂಟಾರನ್ನು ಬಿಟ್ಟು ಓದಬಾರದು.

1931ರಲ್ಲಿ ಅವರು ಬೌಹೌಸ್ ಬಿಟ್ಟದ್ದೇಕೆ?

1929ರಲ್ಲಿ ಅವರು ಬೌಹೌಸ್‌ನಲ್ಲಿ ಓದಿದ, ಪ್ಯಾಲೆಸ್ತೀನ್‌ನಿಂದ ಬಂದಿದ್ದ ಯಹೂದಿ ವಾಸ್ತುಶಿಲ್ಪಿ ಆರ್ಯೇ ಶರೋನ್‌ರನ್ನು ಮದುವೆಯಾದರು. ವಿದೇಶಿಯನ್ನು ಕಟ್ಟಿಕೊಂಡ ಕಾರಣಕ್ಕೆ ಜರ್ಮನ್ ಪೌರತ್ವ ಹೋಯಿತು. ಅದೇ ವರ್ಷ ಮಗಳು ಹುಟ್ಟಿದಳು. ಪುಟ್ಟ ಕೂಸನ್ನು ಇಟ್ಟುಕೊಂಡು ಇಡೀ ವಿಭಾಗವನ್ನು ನಡೆಸಿದರು. ಊರಿನಲ್ಲಿ ನಾಜಿಗಳ ಬಲ ಏರುತ್ತಿತ್ತು. ವಿಭಾಗದೊಳಗೇ ಕೆಲವರು ಅವರ ವಿರುದ್ಧ ತಿರುಗಿಬಿದ್ದರು, ಖಾಸಗಿ ಬದುಕನ್ನೂ ಎಳೆದು ತಂದರು. ಒಂದು ದಿನ ಅವರ ಬಾಗಿಲ ಮೇಲೆ ಸ್ವಸ್ತಿಕ ಬಳಿದಿತ್ತು. ಆಗಿನ ನಿರ್ದೇಶಕ ಮೀಸ್ ವಾನ್ ಡೆರ್ ರೋ ಅವರ ಬೆನ್ನಿಗೆ ನಿಲ್ಲಲಿಲ್ಲ. ಗುಂಟಾ ರಾಜೀನಾಮೆ ಕೊಟ್ಟರು. ಬೌಹೌಸ್ ನಾಜಿಗಳಿಗೆ ಬಲಿಯಾದ ಕಥೆ ಹೇಳುವಾಗ ಅದರ ಒಳಗೇ ಅದಕ್ಕೂ ಮೊದಲು ನಡೆದ ಈ ಪ್ರಸಂಗವನ್ನೂ ಹೇಳಬೇಕು.

ಆಮೇಲೆ?

ಮಗಳ ಜೊತೆ ಸ್ವಿಟ್ಜರ್ಲೆಂಡ್‌ಗೆ ಹೋದರು. ಹಳೆಯ ಶಿಷ್ಯರಾದ ಗೆರ್ಟ್ರೂಡ್ ಪ್ರೈಸ್‌ವೆರ್ಕ್, ಹೈನ್ರಿಕ್-ಓಟ್ಟೊ ಹ್ಯೂರ್ಲಿಮಾನ್ ಜೊತೆ ಜ್ಯೂರಿಕ್‌ನಲ್ಲಿ ಕೈಮಗ್ಗದ ಕಾರ್ಯಾಗಾರ ತೆರೆದರು. ಎರಡು ವರ್ಷದಲ್ಲಿ ಹಣಕಾಸಿನ ಮುಗ್ಗಟ್ಟಿನಿಂದ ಮುಚ್ಚಿತು. ಮತ್ತೆ ಹೂಡಿದರು. 1936ರಲ್ಲಿ ವಿಚ್ಛೇದನ. 1937ರಿಂದ ‘ಫ್ಲೋರಾ’ ಹೆಸರಿನ ಕಾರ್ಯಾಗಾರವನ್ನು ಒಬ್ಬರೇ ನಡೆಸಿದರು. 1942ರಲ್ಲಿ ಸ್ವಿಸ್ ಪತ್ರಕರ್ತ ವಿಲ್ಲಿ ಸ್ಟಾಡ್ಲರ್‌ರನ್ನು ಮದುವೆಯಾದರು, ಮರುವರ್ಷ ಇನ್ನೊಬ್ಬ ಮಗಳು ಹುಟ್ಟಿದಳು. ಪರದೆ, ಪೀಠೋಪಕರಣದ ಬಟ್ಟೆ, ಜಮಖಾನೆ ನೇಯುತ್ತಲೇ ಮೂವತ್ತು ವರ್ಷ ಕಾರ್ಯಾಗಾರವನ್ನು ಉಳಿಸಿಕೊಂಡರು. 1967ರಲ್ಲಿ ಅದನ್ನು ಮುಚ್ಚಿ, ಕೊನೆಯವರೆಗೂ ಗೋಡೆನೇಯ್ಗೆಗಳನ್ನು ತಮ್ಮ ಸಂತೋಷಕ್ಕೆ ನೇಯ್ದರು.

ಅವರ ಶಿಷ್ಯೆಯರು ಏನಾದರು?

ಬೆನಿಟಾ ಓಟ್ಟೆ ಸಹಪಾಠಿ, ಶಿಷ್ಯೆಯಲ್ಲ. ಆದರೆ ಅವರೂ ಮುಂದೆ ಜರ್ಮನಿಯ ಬೆಥೆಲ್‌ನಲ್ಲಿ ನೇಯ್ಗೆ ಕಲಿಸಿದರು. ಮಾರ್ಗರೆಟ್ ಲೈಷ್ನರ್ ಇಂಗ್ಲೆಂಡ್ ಸೇರಿ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ನೇಯ್ಗೆ ವಿಭಾಗ ನಡೆಸಿದರು. ಮಾರ್ಲಿ ಎಹರ್ಮಾನ್ ಷಿಕಾಗೊದಲ್ಲಿ ಕಲಿಸಿದರು. ಮಾರ್ಗರೆಟಾ ರೈಖಾರ್ಟ್ ಎರ್ಫರ್ಟ್‌ನಲ್ಲಿ ಸ್ವಂತ ಮಗ್ಗದ ಮನೆ ನಡೆಸಿದರು.

ಓಟ್ಟಿ ಬೆರ್ಗರ್ ಹೆಸರನ್ನು ಬೇರೆಯಾಗಿ ಹೇಳಬೇಕು. ಕಿವಿ ಸರಿಯಾಗಿ ಕೇಳದ ಓಟ್ಟಿ ಬಟ್ಟೆಯನ್ನು ಸ್ಪರ್ಶದಿಂದ ತಿಳಿಯುವುದರಲ್ಲಿ ಅಸಾಧಾರಣರು. ಗುಂಟಾ ಹೋದ ಮೇಲೆ ಕೆಲಕಾಲ ವಿಭಾಗವನ್ನು ನಡೆಸಿದರು, ಬರ್ಲಿನ್‌ನಲ್ಲಿ ಸ್ವಂತ ಸ್ಟುಡಿಯೊ ತೆರೆದರು, ತಮ್ಮ ಬಟ್ಟೆಗಳಿಗೆ ಪೇಟೆಂಟ್ ಪಡೆದರು. ಯಹೂದಿಯಾದ್ದರಿಂದ 1936ರಲ್ಲಿ ಕೆಲಸ ಮಾಡದಂತೆ ತಡೆದರು. ಇಂಗ್ಲೆಂಡ್‌ಗೆ ಹೋದರು, ತಾಯಿಯ ಕಾಯಿಲೆಯಿಂದಾಗಿ ಊರಿಗೆ ಮರಳಿದರು, 1944ರಲ್ಲಿ ಆಶ್ವಿಟ್ಜ್‌ನಲ್ಲಿ ಕೊಲೆಯಾದರು.

ಇಷ್ಟು ಕೆಲಸ ಮಾಡಿದವರ ಹೆಸರು ಯಾಕೆ ಮರೆಯಾಯಿತು?

ಬಟ್ಟೆ ಸವೆಯುತ್ತದೆ, ಕಟ್ಟಡ ನಿಲ್ಲುತ್ತದೆ. ಪರದೆ ಮಾಸಿದರೆ ತೆಗೆದು ಹಾಕುತ್ತಾರೆ, ಅದನ್ನು ನೇಯ್ದವರ ಹೆಸರು ಬರೆದಿಡುವವರಿಲ್ಲ. ಎರಡನೆಯದು, ಮಗ್ಗದ ಕೆಲಸವನ್ನು ಹೆಂಗಸರ ಕೈಕೆಲಸ ಎಂದು ಕಲೆಯ ಚರಿತ್ರೆ ಬಹುಕಾಲ ಬದಿಗಿಟ್ಟಿತು. ಮೂರನೆಯದು ನನಗೆ ಹೆಚ್ಚು ಕಾಡುವಂಥದ್ದು: ಒಳ್ಳೆಯ ಮೇಷ್ಟರ ಕೆಲಸ ಶಿಷ್ಯರ ಹೆಸರಿನಲ್ಲಿ ಹೊರಬರುತ್ತದೆ. ಸೆಲ್ಲೋಫೇನ್ ಬಟ್ಟೆಯ ಕೆಳಗೆ ಆನಿಯ ಹೆಸರಿದೆ, ಇರಬೇಕಾದದ್ದೂ ಅದೇ. 1987ರಲ್ಲಿ ಬರ್ಲಿನ್‌ನ ಬೌಹೌಸ್ ಆರ್ಕೈವ್ ಗುಂಟಾ ಅವರ ಕೃತಿಗಳ ದೊಡ್ಡ ಪ್ರದರ್ಶನ ನಡೆಸಿತು, ಆಗ ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಭಾರತಕ್ಕೂ ಅವರಿಗೂ ಏನಾದರೂ ನಂಟು ಇದೆಯೇ?

ಗುಂಟಾ ಅವರಿಗೆ ನೇರ ನಂಟು ಇಲ್ಲ, ಹುಡುಕಿ ಅಂಟಿಸುವುದೂ ಬೇಡ. ಬೌಹೌಸ್‌ಗೆ ಇದೆ. 1922ರ ಡಿಸೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಕ್ಲೇ, ಕಾಂಡಿನ್ಸ್ಕಿ, ಇಟ್ಟೆನ್ ಮೊದಲಾದ ಬೌಹೌಸ್ ಕಲಾವಿದರ ಕೃತಿಗಳ ಪ್ರದರ್ಶನ ನಡೆದಿತ್ತು. 1961ರಲ್ಲಿ ಅಹಮದಾಬಾದ್‌ನಲ್ಲಿ ಶುರುವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೋಧನಾ ಕ್ರಮದಲ್ಲೂ ಬೌಹೌಸ್ ಮತ್ತು ಜರ್ಮನಿಯ ಇನ್ನೊಂದು ವಿನ್ಯಾಸ ಶಾಲೆ ಉಲ್ಮ್‌ನ ಪ್ರಭಾವ ಇದೆ.

ಅವರ ನೇಯ್ಗೆಗಳನ್ನು ಎಲ್ಲಿ ನೋಡಬಹುದು?

ಕೆಂಪು-ಹಸಿರು ನೇಯ್ಗೆ, ಆಫ್ರಿಕನ್ ಕುರ್ಚಿ ಬರ್ಲಿನ್‌ನ ಬೌಹೌಸ್ ಆರ್ಕೈವ್ ಸಂಗ್ರಹದಲ್ಲಿವೆ. ‘ಐದು ಮೇಳಗಳು’ ಉತ್ತರ ಜರ್ಮನಿಯ ಲ್ಯೂಬೆಕ್‌ನ ಸೇಂಟ್ ಆನೆನ್ ಮ್ಯೂಸಿಯಂನದು. ನ್ಯೂಯಾರ್ಕ್‌ನ ಮೋಮಾ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಹಾರ್ವರ್ಡ್‌ನ ಬುಷ್-ರೈಸಿಂಗರ್ ಮ್ಯೂಸಿಯಂಗಳಲ್ಲೂ ಅವರ ಕೆಲಸ ಇದೆ. ಬೆಳಕು ಬಿದ್ದರೆ ಬಣ್ಣ ಮಾಸುವುದರಿಂದ ಹಳೆಯ ಬಟ್ಟೆಗಳನ್ನು ಮ್ಯೂಸಿಯಂಗಳು ಸದಾ ಪ್ರದರ್ಶನಕ್ಕೆ ಇಡುವುದಿಲ್ಲ, ಹೋಗುವ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು. ಈ ಮ್ಯೂಸಿಯಂಗಳ ಜಾಲತಾಣಗಳಲ್ಲಿ ಫೋಟೋ ಸಿಕ್ಕರೆ ದೊಡ್ಡದು ಮಾಡಿ ನೋಡಿ. ದೂರದಿಂದ ಒಂದೇ ಬಣ್ಣ ಅನಿಸಿದ ಪಟ್ಟಿಯಲ್ಲಿ ಹಾಸಿನ ಬಣ್ಣ ಬೇರೆ, ಹೊಕ್ಕಿನ ಬಣ್ಣ ಬೇರೆ ಇರುವುದು ಆಗ ಕಾಣುತ್ತದೆ.